ನಿಂತಾಗ ಹತ್ತುವ ದೀಪ

ಕುಲಗೋಡದ ಗೊಮ್ಮಟೇಶ ಕಾಕಾ ಮೂರನೆಯ ಸಲ ಜೀಪು ತಂದು ನನ್ನ ಗಾಡಿ ವೈರಿಂಗಿನ ಅಂಗಡಿಯ ಮುಂದೆ ನಿಲ್ಲಿಸಿದ್ದು ಸಂತೆಯ ದಿನ. ಮೂಡಲಗಿಯ ಅರ್ಧ ಜನ ರಸ್ತೆಯಲ್ಲೇ ಇದ್ದರು.

"ಏನೋ ಓಂಕಾರ, ಡುಪ್ಲಿಕೇಟ್ ಸ್ವಿಚ್ ಹಾಕಿ ಕುಂತಿಯಲ್ಲ? ಇಂಡಿಕೇಟರ್ ನಿಂತಾಗ ಹತ್ತತೈತಿ, ಹೊಂಟಾಗ ಹತ್ತಂಗಿಲ್ಲ. ಹೆಡ್‌ಲೈಟ್ ಅಂತೂ ಹಾದಿ ಮ್ಯಾಲ ಬೀಳೂದs ಇಲ್ಲ. ಇಂಥಾ ದೀಪ ನಮ್ಮ ಕುಲಗೋಡದಾಗ ಯಾರೂ ನೋಡಿಲ್ಲ!"

ಚಹಾದ ಗಾಡಿಯ ಹತ್ತಿರ ಯಾರೋ ನಕ್ಕರು. ಅಂಗಡಿ ತೆರೆದು ಇನ್ನೂ ವರ್ಷ ತುಂಬಿರಲಿಲ್ಲ. ಕುಲಗೋಡದ ಟ್ರ್ಯಾಕ್ಟರುಗಳೇ ನನ್ನ ಅನ್ನ. ಕಾಕಾ ಊರಲ್ಲಿ ಒಂದು ಮಾತಾಡಿದರೆ ಅವೆಲ್ಲ ಗೋಕಾಕದ ಹಾದಿ ಹಿಡಿಯುತ್ತಿದ್ದವು.

ಮೊದಲ ಸಲ ದೋಷ ಇದ್ದದ್ದು ನಿಜ. ಹೆಡ್‌ಲೈಟ್ ಸ್ವಿಚ್ಚಿನೊಳಗಿನ ತಾಮ್ರ ಸುಟ್ಟು ಕಪ್ಪಾಗಿತ್ತು, ಇಂಡಿಕೇಟರಿನ ಹಿಡಿಕೆ ಸಡಿಲಾಗಿತ್ತು. ಎರಡನ್ನೂ ಬದಲಿಸಿದ್ದೆ. ಎರಡನೆಯ ಸಲ ಎಷ್ಟು ಹುಡುಕಿದರೂ ಏನೂ ಸಿಗಲಿಲ್ಲ. ಅಂದಿನಿಂದ ತಲೆಯಲ್ಲಿ ಹುಳ. ಸ್ವಿಚ್ ಮಾರಿದವನು ಮೋಸ ಮಾಡಿದನೇ? ಸಂಜೆ ಕ್ಲಾಸಿನಲ್ಲಿ ಕಲಿತ ನನ್ನ ವಿದ್ಯೆಯಲ್ಲೇ ಎಲ್ಲೋ ತೂತಿದೆಯೇ? ಕೊನೆಗೆ ಕಾಕಾನ ಮೇಲೂ ಅನುಮಾನ ಬಂತು. ಅವರ ತಂಗಿಯ ಮಗನದು ಹುಕ್ಕೇರಿಯಲ್ಲಿ ಗ್ಯಾರೇಜಿದೆ. ಮೂಡಲಗಿಯಲ್ಲೂ ಒಂದು ತೆರೆಯುವವನಂತೆ. ನನ್ನ ಹೆಸರು ಕೆಡಿಸಲೆಂದೇ ಮುದುಕ ವೈರು ಕೀಳುತ್ತಿದ್ದಾರೋ ಏನೋ.

ಸ್ಟೇರಿಂಗಿನ ಕೆಳಗಿನ ಮುಚ್ಚಳ ಬಿಚ್ಚಿದೆ. ನಾನು ಸುತ್ತಿದ ಟೇಪು ಹಾಗೇ ಇತ್ತು. ಯಾರೂ ಕೈ ಹಚ್ಚಿರಲಿಲ್ಲ.

"ಕಾಕಾ, ಮುಂದ ನಿಂದರ್ರಿ. ನಾ ಹಾಕ್ತೀನಿ, ಹತ್ತಿದ್ದು ಹೇಳ್ರಿ."

"ಅದಕ್ಕೂ ನಾನs ಬೇಕು? ಪಗಾರ ಕೊಡ್ತಿ ಏನು?" ಎನ್ನುತ್ತ ಹೋಗಿ ನಿಂತರು.

"ಎಡಕ" ಎಂದೆ. ಗಡಿಬಿಡಿಯಲ್ಲಿ ಹಿಡಿಕೆಯನ್ನು ಬಲಕ್ಕೆ ತಳ್ಳಿದ್ದೆ.

"ಹತ್ತೇತಿ, ಎಡಕ."

ಎದುರು ನಿಂತವರಿಗೆ ಎಡಬಲ ಅದಲುಬದಲಾಗುವುದುಂಟು. ಆದರೆ ಕಾಕಾನ ಮುಖ ದೀಪದ ಕಡೆ ಇರಲಿಲ್ಲ. ಕಿವಿ ನನ್ನ ಕಡೆ ವಾಲಿತ್ತು. ಇಂಡಿಕೇಟರ್ ಆರಿಸಿದೆ. "ಈಗ ಬಲಕ" ಎಂದು, ಸ್ವಿಚ್ ಮುಟ್ಟದೆ, ಉಗುರಿನಿಂದ ಸ್ಟೇರಿಂಗಿನ ಮೇಲೆ ಟಿಕ್‌ಟಿಕ್ ಎಂದು ಬಡಿದೆ.

"ಹೂಂ, ಇದೂ ಹತ್ತೇತಿ."

ನಿಂತ ಗಾಡಿಯಲ್ಲಿ ಇಂಡಿಕೇಟರಿನ ಟಿಕ್‌ಟಿಕ್ ಕೇಳಿಸುತ್ತದೆ. ಎಂಜಿನ್ ಶುರುವಾದರೆ ಅದರ ಗದ್ದಲದಲ್ಲಿ ಮುಳುಗುತ್ತದೆ. ಕಾಕಾ ದೀಪವನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದರು.

ಇಳಿದು ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ: "ಕಾಕಾ, ನಾ ಏನೂ ಹಾಕಿದ್ದಿಲ್ರಿ. ಉಗುರಿಲೆ ಬಡದೆ."

"ನನಗs ಪರೀಕ್ಷಾ ಮಾಡ್ತಿ ಏನಲೇ?" ಎಂದು ಕೈ ಎತ್ತಿದವರು ಹಾಗೇ ಇಳಿಸಿದರು. ನನ್ನ ತೋಳು ಹಿಡಿದು ಜೀಪಿನ ಮರೆಗೆ ಎಳೆದರು. "ಮನ್ಯಾಗ ಗೊತ್ತಾದರ ಕೀಲಿ ಕಸಗೊಂತಾರೊ. ಸ್ವಿಚ್ ರಿಪೇರಿ ಆಗಂಗಿಲ್ಲ, ಕತ್ತಲಾಗ ಹೊಡಿಯಾಕ ಬರೂದಿಲ್ಲ ಅಂತ ಸೊಸಿಗೆ ಹೇಳಿಬಿಡು. ಹಗಲೊತ್ತು ಅಷ್ಟ ಹೊಡಿತೀನಿ."

ಹಾಗೆ ಹೇಳಿದರೆ ಅವರ ಮಾನ ಉಳಿಯುತ್ತಿತ್ತು, ನನ್ನದು ಹೋಗುತ್ತಿತ್ತು. ಮಾನ ಅತ್ತ ಇರಲಿ. ಹಗಲಾದರೇನು, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಈ ಕಣ್ಣಿನಿಂದ ಹೊಡೆಯುವುದೇ?

"ಸ್ವಿಚ್ ಛಲೋ ಐತ್ರಿ" ಎಂದೆ. ಅವರು ನನ್ನ ತೋಳು ಬಿಡಲಿಲ್ಲ. ಅದಕ್ಕೇ ಇನ್ನೊಮ್ಮೆ ಹೇಳಿದೆ.

ಕಾಕಾ ಹೋಗಿ ಎಡಗಡೆಯ ಸೀಟಿನಲ್ಲಿ ಕುಳಿತರು. ಕುಲಗೋಡದವರೆಗೂ ನಾನೇ ಹೊಡೆದೆ.

ಸೊಸೆ ಆರತಿ ಬಾಗಿಲಿಗೆ ಬಂದಳು. "ಮತ್ತ ಅದs ಹಾಡೇನ್ರಿ ಮಾವಾರ? ಈ ಮೂಡಲಗಿಯವನ್ನ ಬಿಟ್ಟು ಗೋಕಾಕಕ್ಕ ಒಯ್ಯೂಣು."

ಕಾಕಾ ಇಳಿಯಲು ಬಹಳ ಹೊತ್ತು ತೆಗೆದುಕೊಂಡರು. "ಬ್ಯಾಡವ್ವಾ. ಇವನ ಕೆಲಸ ಛಲೋ ಐತಿ. ಕಣ್ಣಿನ ಡಾಕ್ಟರ್ ಕಡೆ ಹೋಗೂದೈತಿ."

ಆಕೆ ಕೀಲಿಗಾಗಿ ನನ್ನತ್ತ ಕೈ ಚಾಚಿದಳು. ಅಷ್ಟರಲ್ಲಿ ಕಾಕಾ ಅದನ್ನು ನನ್ನ ಬೆರಳಿನಿಂದ ಬಿಡಿಸಿಕೊಂಡು ತಮ್ಮ ಅಂಗಿಯ ಕಿಸೆಗೆ ಹಾಕಿಕೊಂಡರು.

"ಡಾಕ್ಟರ್ ಹೇಳಲಿ, ಆಮ್ಯಾಲ ನೋಡೂಣು."

ಬಸ್ಸು ಬಂದರೂ ನಾನು ಹತ್ತಲಿಲ್ಲ. ಜೀಪು ಮತ್ತೆ ಹೊರಬಿದ್ದೀತೇನೋ ಎಂದು, ಕತ್ತಲಾಗುವವರೆಗೂ ಅವರ ಓಣಿಯ ಕಡೆಗೇ ನೋಡುತ್ತ ಸ್ಟ್ಯಾಂಡಿನಲ್ಲಿ ನಿಂತಿದ್ದೆ.