ಅವನ ಕೈಗೆ ಸಿಗುವ ಎತ್ತರ

ಲಂಬುವಿನ ಮನೆಯ ಫ್ಯೂಸ್ ಬಾಕ್ಸ್ ಇದ್ದದ್ದು ಮುಂಬಾಗಿಲ ಮೇಲೆ, ಸೂರಿಗೆ ಒಂದು ಗೇಣು ಕೆಳಗೆ. ಅಲ್ಲಿಟ್ಟವನು ಬೇರೆ ಯಾರೂ ಅಲ್ಲ, ಲಂಬುವೇ. ಹದಿನೆಂಟು ವರ್ಷದಿಂದ ಎಲೆಕ್ಟ್ರಿಷಿಯನ್ ಕೆಲಸ ಮಾಡಿಕೊಂಡು ಬಂದ ಈ ಮಹಾಶಯ ಕಂಡವರ ಮನೆಗಳಲ್ಲಿ ಟೇಪು ಹಿಡಿದು ಅಳೆದೂ ಅಳೆದೂ ಗುರುತು ಹಾಕುತ್ತಿದ್ದ. ಸ್ವಂತ ಮನೆಗೆ ಬಂದಾಗ ಮಾತ್ರ ನಿಂತಲ್ಲೇ ಕೈ ಚಾಚಿದ, ಕೈ ಮುಟ್ಟಿದ ಕಡೆ ಮೊಳೆ ಹೊಡೆದ. ಹೆಂಡತಿಯ ತಲೆ ತನ್ನ ಅಂಗಿಯ ಜೇಬಿಗೂ ಬರುವುದಿಲ್ಲ ಎಂಬುದು ಆ ಗಳಿಗೆಯಲ್ಲಿ ಅವನಿಗೆ ಹೊಳೆಯಲೇ ಇಲ್ಲ.

ಇಷ್ಟೆತ್ತರ ಯಾಕೆ ಎಂದು ಅವಳು ಒಂದೆರಡು ಸಲ ಕೇಳಿದ್ದುಂಟು. ಫ್ಯೂಸ್ ಹೋದರೆ ನಾನಿದ್ದೀನಲ್ಲ ಎಂದು ಅವನು ನಕ್ಕಿದ್ದ. ಅವಳೂ ನಕ್ಕು ಸುಮ್ಮನಾಗಿದ್ದಳು. ಈಗ ಆ ನಗು ನೆನೆದರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ.

ಅವತ್ತು ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಗೀಸರ್ ಕೆಟ್ಟಿತ್ತು. ಅವನು ಗೀಸರಿನ ಸ್ವಿಚ್ಚು ಮಾತ್ರ ಆರಿಸಿ ಬಚ್ಚಲಿಗೆ ಹೋದ. ಮೇನ್ ಆರಿಸಿದರೆ ಅಮ್ಮನ ಕೋಣೆಯ ಫ್ಯಾನು ನಿಲ್ಲುತ್ತದೆ ಎಂದು ಅದರ ತಂಟೆಗೆ ಹೋಗಲಿಲ್ಲ. ಹಿಂದೊಮ್ಮೆ ಅವಸರದಲ್ಲಿ ಆ ಸ್ವಿಚ್ಚಿನ ತಂತಿಗಳನ್ನು ಅದಲುಬದಲು ಮಾಡಿ ಕೂಡಿಸಿದ್ದವನೂ ಅವನೇ. ಸ್ವಿಚ್ಚು ಆರಿದ್ದರೂ ಒಳಗೆ ಕರೆಂಟು ಹಾಗೇ ಇತ್ತು.

ತರಕಾರಿ ಹೆಚ್ಚುತ್ತಿದ್ದ ಅವಳಿಗೆ ಒಂದು ಸದ್ದು ಕೇಳಿತು. ಕೂಗಲ್ಲ, ಗಂಟಲಲ್ಲೇ ಸಿಕ್ಕಿಕೊಂಡ ಸದ್ದು. ಹೋಗಿ ನೋಡಿದರೆ ಒದ್ದೆ ನೆಲದ ಮೇಲೆ ಅವನು ನಿಂತಿದ್ದಾನೆ, ಬಲಗೈ ತಂತಿಯನ್ನು ಬಿಗಿಯಾಗಿ ಹಿಡಿದಿದೆ, ಹಲ್ಲು ಕಚ್ಚಿಕೊಂಡಿದೆ, ಮೈ ಅದುರುತ್ತಿದೆ. ಕಣ್ಣು ಮಾತ್ರ ಅವಳನ್ನೇ ನೋಡುತ್ತಿತ್ತು. ಅವಳು ಕೈ ಚಾಚಿಯೇಬಿಟ್ಟಿದ್ದಳು. ಕರೆಂಟು ಹಿಡಿದವರನ್ನು ಮುಟ್ಟಿದರೆ ಎರಡು ಹೆಣ ಎಂದು ಅವನೇ ಎಂದೋ ಹೇಳಿದ್ದು ನೆನಪಾಗಿ ಕೈ ಅರ್ಧದಲ್ಲೇ ನಿಂತಿತು.

ಅಷ್ಟರಲ್ಲಿ ಅತ್ತೆ ಬಂದರು. ಬೆನ್ನು ಬಾಗಿದ ಮುದುಕಿ, ಗೋಡೆ ಹಿಡಿದು ನಡೆಯುವವರು, ಮಗನನ್ನು ಕಂಡದ್ದೇ ಗೋಡೆ ಬಿಟ್ಟು ನುಗ್ಗಿದರು. ಹನ್ನೊಂದು ವರ್ಷದಲ್ಲಿ ಅವರೆದುರು ದನಿ ಎತ್ತದ ಸೊಸೆ ಈಗ ಅವರ ರಟ್ಟೆ ಹಿಡಿದು ಎಳೆದು ನೆಲಕ್ಕೆ ಕೂರಿಸಿದಳು. ಕೂರಿಸಿ ಮುಂಬಾಗಿಲಿಗೆ ಓಡಿದಳು.

ಸ್ಟೂಲು ಎಳೆದು ಹತ್ತಿದಳು. ತುದಿಬೆರಳಿಗೆ ಪೆಟ್ಟಿಗೆಯ ಅಂಚು ತಾಗಿತು, ಅಷ್ಟೇ. ಆ ಮನೆಯಲ್ಲಿ ಅದನ್ನು ಮುಟ್ಟಬಲ್ಲ ಕೈ ಒಂದೇ ಒಂದು, ಆ ಕೈಯನ್ನು ಕರೆಂಟು ಹಿಡಿದುಕೊಂಡಿತ್ತು. ಇಳಿದಳು. ಚಪ್ಪಲಿ ಗೂಡನ್ನು ಬಾಗಿಲಿಗೆ ನೂಕಿ, ಅದರ ಮೇಲೆ ಸ್ಟೂಲಿಟ್ಟು, ಅದರ ಮೇಲೆ ತಾನು ಹತ್ತಿದಳು. ಗೂಡು ತೂಗಾಡಿತು. ಬಿದ್ದರೆ ಅವನು ಸತ್ತ ಎಂಬುದೊಂದೇ ಅವಳ ತಲೆಯಲ್ಲಿ ಓಡುತ್ತಿತ್ತು.

ಮುಚ್ಚಳ ತೆಗೆದರೆ ಸಾಲಾಗಿ ಆರು ಕಪ್ಪು ಸ್ವಿಚ್ಚುಗಳು. ಯಾವುದು ಯಾವುದೆಂದು ಬರೆದಿಡುವ ಗೋಜಿಗೆ ಪುಣ್ಯಾತ್ಮ ಹೋಗಿರಲಿಲ್ಲ. ಹಿಂದಿನಿಂದ ಕಾಲೆಳೆಯುವ ಸದ್ದು ಕೇಳಿತು. ಅತ್ತೆ ಎದ್ದಿದ್ದರು, ಮತ್ತೆ ಬಚ್ಚಲ ಕಡೆಗೇ ಹೊರಟಿದ್ದರು. ಅವಳಿಗೆ ತಿರುಗಲು ಧೈರ್ಯವಾಗಲಿಲ್ಲ.

"ಅತ್ತೆ, ಮುಟ್ಟಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ, ಮುಟ್ಟಬೇಡಿ."

ಒಂದನ್ನು ಕೆಳಗೆಳೆದಳು, ಫ್ರಿಜ್ಜು ನಿಂತಿತು. ಇನ್ನೊಂದು, ಫ್ಯಾನು ನಿಂತಿತು. ಮೂರನೆಯದು, ನಾಲ್ಕನೆಯದು, ಏನೂ ಆಗಲಿಲ್ಲ. ಐದನೆಯದರಲ್ಲಿ ಬೆರಳು ಬೆವರಿಗೆ ಜಾರಿತು. ಆರನೆಯದನ್ನು ಎಳೆದಾಗ ಬಚ್ಚಲಲ್ಲಿ ಧೊಪ್ಪೆಂದು ಏನೋ ಬಿತ್ತು.

ಮನೆಯಲ್ಲಿ ಒಂದು ಸದ್ದಿಲ್ಲ. ಇಳಿಯಬೇಕಿತ್ತು, ಓಡಬೇಕಿತ್ತು. ಆದರೆ ಹೋಗಿ ನೋಡುವ ತನಕವಾದರೂ ಅವನು ಬದುಕಿದ್ದಾನೆ ಎಂದುಕೊಂಡು ಅವಳು ಸ್ವಿಚ್ಚು ಹಿಡಿದೇ ನಿಂತಳು. ಇಂಥ ಹೆದರಿಕೆಯನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

"ಉಸಿರಾಡ್ತಿದ್ದಾನೆ ಕಣೇ," ಎಂದರು ಅತ್ತೆ ಒಳಗಿನಿಂದ.

ಕಾಲಲ್ಲಿ ರಬ್ಬರ್ ಚಪ್ಪಲಿ ಇದ್ದದ್ದಕ್ಕೆ ಜೀವ ಉಳಿಯಿತು ಎಂದರು ಡಾಕ್ಟರು. ಹತ್ತು ದಿನದ ಮೇಲೆ, ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡೇ ಲಂಬು ಎಡಗೈಯಲ್ಲಿ ಪೆನ್ಸಿಲು ಹಿಡಿದು ಅವಳನ್ನು ಗೋಡೆಯ ಹತ್ತಿರ ಕರೆದ. ಕೈ ಎತ್ತು, ನಿನಗೆ ಸಿಗುವ ಕಡೆ ಪೆಟ್ಟಿಗೆ ಇಡುತ್ತೇನೆ ಎಂದ. ಅವಳು ಎತ್ತಲಿಲ್ಲ. ಒಳಗೆ ಹೋಗಿ ಅತ್ತೆಯನ್ನು ಕೈಹಿಡಿದು ಕರೆತಂದು ಗೋಡೆಗೆ ನಿಲ್ಲಿಸಿದಳು. ಅಮ್ಮ ಯಾಕೆ ಎಂದು ಅವನು ಕೇಳಿದ.

"ಇನ್ನೊಂದಿನ ಕರೆಂಟು ನನ್ನನ್ನೇ ಹಿಡಿದ್ರೆ? ನೀವು ಕೆಲಸಕ್ಕೆ ಹೋಗಿರ್ತೀರಿ. ಮನೇಲಿರೋದು ಇವರೊಬ್ಬರೇ."

ಅತ್ತೆ ಬಾಗಿದ ಬೆನ್ನಿನಲ್ಲೇ ಆದಷ್ಟು ಕೈ ಎತ್ತಿದರು. ಅದು ಸೊಸೆಯ ಭುಜದಷ್ಟು ಎತ್ತರಕ್ಕೂ ಹೋಗಲಿಲ್ಲ. ಲಂಬು ಮೊಣಕಾಲೂರಿ ಕೂತು, ಆ ಬೆರಳು ತಾಗಿದ ಕಡೆ ಗುರುತು ಹಾಕಿದ.