ತೋಳಿನ ಕಾಗದದಲ್ಲಿ ಸಿಕ್ಕ ನಮ್ಮ ಕ್ಷೇತ್ರ

ನಮ್ಮ ಬೀದಿಗೂ ದೊಡ್ಡಾಸ್ಪತ್ರೆಗೂ ನಡುವೆ ಇರುವುದು ಎರಡು ಜೋಡಿ ರೈಲು ಹಳಿ, ಅಷ್ಟೇ. ಕೂಗಿದರೆ ಕೇಳುವಷ್ಟು ದೂರ. ಆದರೆ ಆ ಹಳಿಯ ಮೇಲೆ ಗೂಡ್ಸ್ ಗಾಡಿಗಳು ಗಂಟೆಗಟ್ಟಲೆ ನಿಂತುಬಿಡುತ್ತಿದ್ದವು. ಸುತ್ತಿ ಹೋಗುತ್ತೇವೆಂದರೆ ಐದು ಕಿಲೋಮೀಟರು. ಹಾಗಾಗಿ ಎಲ್ಲರೂ ಬಗ್ಗಿ ಗಾಡಿಯ ಡಬ್ಬಿಗಳ ಕೆಳಗೇ ನುಸುಳುತ್ತಿದ್ದೆವು. ಇಸ್ತ್ರಿ ಬಟ್ಟೆಯ ಗಂಟು ಹೊತ್ತು ನಾನೂ ನುಸುಳಿದ್ದೇನೆ. ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ.

ನನ್ನದು ಇಸ್ತ್ರಿ ಅಂಗಡಿ. ಪಕ್ಕದ್ದು ಟೈಲರಣ್ಣನದು. ಅವರ ಮಗಳು ದೊಡ್ಡಾಸ್ಪತ್ರೆಯಲ್ಲಿ ನರ್ಸು. ಒಂದು ಬೆಳಿಗ್ಗೆ ಅವಳು ಡಬ್ಬಿಯ ಕೆಳಗಿದ್ದಾಗಲೇ ಗಾಡಿ ಹೊರಟಿತು. ಅವಳು ಆಚೆಗೆ ಹಾರಿದಳು. ಕೈಯಲ್ಲಿದ್ದ ಚೀಲ ಹಳಿಯ ಮೇಲೇ ಉಳಿಯಿತು. ಅದರೊಳಗಿದ್ದ ಊಟದ ಡಬ್ಬಿಯನ್ನು ಆಮೇಲೆ ನಾನೇ ಎತ್ತಿ ತಂದೆ. ಕಾಗದದಷ್ಟು ತೆಳ್ಳಗಾಗಿತ್ತು.

ಟೈಲರಣ್ಣ ಆ ಡಬ್ಬಿಯನ್ನು ಹೊಲಿಗೆ ಯಂತ್ರದ ಪಕ್ಕ ಇಟ್ಟುಕೊಂಡರು. ಆಮೇಲೆ ಒಂದೇ ಮಾತು ಹೇಳಿದರು.

"ಸಾಕು. ಈ ತಿಂಗಳು ಮುಗೀಲಿ, ಕೆಲಸ ಬಿಡು."

"ಬಿಡಲ್ಲಪ್ಪ," ಎಂದಳು ಮಗಳು. "ಆರು ವರ್ಷ ಕಷ್ಟಪಟ್ಟು ಹಿಡಿದ ಕೆಲಸ ಇದು. ಹಳಿ ಮೇಲೆ ಸೇತುವೆ ಇಲ್ಲ ಅಂತ ನಾನ್ಯಾಕೆ ಮನೇಲಿ ಕೂರಬೇಕು?"

"ಸೇತುವೆಗೆ ನಾನೇನು ಸುಮ್ನೆ ಕೂತಿದೀನಾ? ವರ್ಷಕ್ಕೊಂದು ಅರ್ಜಿ ಕೊಟ್ಟಿಲ್ವಾ?"

ಕೊಟ್ಟಿದ್ದರು, ಸುಳ್ಳಲ್ಲ. ನಮ್ಮ ಬೀದಿಯ ಅರ್ಜಿ ಎಂದರೆ ಅದರ ಗತ್ತೇ ಬೇರೆ. ಮನೆಗೊಂದು ಹಾಳೆ ಸಹಿ. ಎಲ್ಲ ಹಾಳೆಗಳನ್ನೂ ಒಂದರ ತುದಿಗೊಂದು ಇಟ್ಟು ಟೈಲರಣ್ಣ ಯಂತ್ರದಲ್ಲಿ ಡಬಲ್ ಹೊಲಿಗೆ ಹಾಕುತ್ತಿದ್ದರು. ಬಿಚ್ಚಿದರೆ ಬೀದಿಯುದ್ದಕ್ಕೂ ಹಾಸಬಹುದು. ಅದನ್ನು ಸುರುಳಿ ಸುತ್ತಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪಶ್ಚಿಮ ಕ್ಷೇತ್ರದ ಸಂಸದರ ಕಚೇರಿಗೆ ತಾವೇ ಕೊಟ್ಟು ಬರುತ್ತಿದ್ದರು. ಹನ್ನೊಂದು ವರ್ಷ, ಹನ್ನೊಂದು ಸುರುಳಿ. ಬಂದದ್ದು ಮಾತ್ರ ಸೊನ್ನೆ.

ಎದುರು ಮನೆಗೆ ಮೂರು ವರ್ಷದ ಹಿಂದೆ ಬಾಡಿಗೆಗೆ ಬಂದವಳು ಬೈಂಡಿಂಗ್ ಅಕ್ಕ. ಹರಿದ ಪುಸ್ತಕಗಳಿಗೆ ಹೊಲಿಗೆ, ಅಂಟು, ರಟ್ಟು ಹಾಕುವುದು ಅವಳ ಕಸುಬು. ಬರೀ ರಟ್ಟು ಹಾಕಿ ಕಳಿಸುವವಳಲ್ಲ. ಹಾಳೆ ಜೋಡಿಸುತ್ತಾ ಓದಿಬಿಡುತ್ತಾಳೆ. ಆ ಸಂಜೆ ಟೈಲರಣ್ಣನ ಮಗಳನ್ನು ವಿಚಾರಿಸಿಕೊಳ್ಳಲು ಬಂದವಳ ಕಂಕುಳಲ್ಲಿ ಗ್ರಂಥಾಲಯದ ಒಂದು ದಪ್ಪ ಪುಸ್ತಕವಿತ್ತು.

"ಟೈಲರಣ್ಣ, ಇನ್ನು ಮೂರು ತಿಂಗಳಲ್ಲಿ ಚುನಾವಣೆ ಇದೆ. ನೀವೆಲ್ಲ ಓಟು ಹಾಕ್ತೀರಿ ತಾನೆ?"

ಟೈಲರಣ್ಣ ಮುಖ ಗಂಟಿಕ್ಕಿದರು. "ನಮಗೆಲ್ಲಿ ಓಟು? ಎರಡು ಚುನಾವಣೆ ಆಯ್ತು. ಮೂಲೆ ಶಾಲೆಗೆ ಹೋದ್ರೆ ಪಟ್ಟೀಲಿ ನಮ್ಮ ಬೀದಿಯವರ ಹೆಸರೇ ಇಲ್ಲ. ಕಿತ್ತು ಹಾಕಿದಾರೆ. ಹೋಗ್ಲಿ ಬಿಡು, ನನ್ನ ಕೋಳಿ ಕೂಗದಿದ್ರೆ ಬೆಳಗಾಗಲ್ವಾ?"

"ಬೆಳಗಾಗತ್ತೆ. ಸೇತುವೆ ಆಗಲ್ಲ," ಎಂದಳು ಅಕ್ಕ. "ನಿಮ್ಮ ಹೆಸರು ಯಾರೂ ಕಿತ್ತಿಲ್ಲ. ನೀವು ಪಶ್ಚಿಮ ಕ್ಷೇತ್ರದವರೇ ಅಲ್ಲ."

ಟೈಲರಣ್ಣ ನಕ್ಕರು. ನಾನೂ ನಕ್ಕೆ, ಒಪ್ಪಿಕೊಳ್ಳುತ್ತೇನೆ. ಹುಟ್ಟಿದಾಗಿನಿಂದ ಪಶ್ಚಿಮದವರು ನಾವು.

ಅಕ್ಕ ಪುಸ್ತಕ ಬಿಚ್ಚಿದಳು. ನಮ್ಮ ಸೀಮೆಯಲ್ಲಿ ಸಂಸತ್ತಿನ ಕ್ಷೇತ್ರಗಳು ಹುಟ್ಟಿದಾಗಿನಿಂದ ಯಾರು ಯಾರು ಗೆದ್ದರು, ಎಷ್ಟು ಓಟಿನಲ್ಲಿ ಗೆದ್ದರು, ಗಡಿ ಯಾವಾಗ ಬದಲಾಯಿತು, ಎಲ್ಲವೂ ಅದರಲ್ಲಿತ್ತು.

"ಕೇಳಿ. ಮೊದಲ ಚುನಾವಣೇಲಿ ಹಳಿಯ ಆಚೆ ಈಚೆ ಎಲ್ಲಾ ಸೇರಿ ಒಂದೇ ಕ್ಷೇತ್ರ. ಗೆದ್ದವರು ಒಬ್ಬ ಶಾಲೆ ಮಾಸ್ತರು. ದೊಡ್ಡಾಸ್ಪತ್ರೆ ಇಲ್ಲಿಗೇ ಬರಬೇಕು ಅಂತ ಸಂಸತ್ತಲ್ಲಿ ಹಟ ಹಿಡಿದಿದ್ದು ಅವರೇ. ಆಮೇಲೆ ಒಬ್ಬ ವಕೀಲರು ಮೂರು ಸಲ ಗೆದ್ರು. ನಾಲ್ಕನೇ ಸಲ ಹನ್ನೊಂದೇ ಹನ್ನೊಂದು ಓಟಲ್ಲಿ ಸೋತ್ರು. ಸೋಲಿಸಿದ್ದು ಯಾರು ಗೊತ್ತಾ? ಗೋದಾಮಲ್ಲಿ ಗೋಣಿಚೀಲ ಹೊಲೀತಿದ್ದ ಒಬ್ಬ ಹೆಂಗಸು."

ಟೈಲರಣ್ಣನ ಕಿವಿ ನೆಟ್ಟಗಾಯಿತು. "ಹೊಲಿಗೆಯವರು ಸಂಸತ್ತಿಗೆ ಹೋಗಿದ್ರಾ?"

"ಹೋಗಿದ್ರು. ಗೂಡ್ಸ್ ನಿಲ್ದಾಣದ ಕೂಲಿಯವರಿಗೆ ವಾರದ ರಜೆ ಕೊಡಿಸಿದ್ದು ಆಯಮ್ಮನೇ. ಯೋಚನೆ ಮಾಡಿ, ಹನ್ನೊಂದು ಓಟು ಅಂದ್ರೆ ಎರಡು ಮನೆ ಜನ. ಆಮೇಲೆ ಜನ ಹೆಚ್ಚಾದ್ರು, ಕ್ಷೇತ್ರ ಪೂರ್ವ, ಪಶ್ಚಿಮ ಅಂತ ಎರಡಾಯ್ತು. ಹಳಿಯೇ ಗಡಿ. ಆಗ ನೀವು ಪಶ್ಚಿಮ, ನಿಜ. ಆದ್ರೆ ಹನ್ನೊಂದು ವರ್ಷದ ಹಿಂದೆ ಗಡಿ ಮತ್ತೆ ಬದಲಾಗಿ, ಈ ಬೀದಿ, ಹಿಂದಿನ ಎರಡು ಓಣಿ ಪೂರ್ವಕ್ಕೆ ಸೇರಿದಾವೆ."

"ಅದ್ಯಾಕಕ್ಕ ಹೀಗೆ ಬದಲಾಯಿಸ್ತಾ ಇರ್ತಾರೆ?" ಎಂದು ನಾನು ಕೇಳಿದೆ.

"ಒಂದು ಕಡೆ ಐದು ಲಕ್ಷ ಜನಕ್ಕೆ ಒಬ್ಬ ಸಂಸದ, ಇನ್ನೊಂದು ಕಡೆ ಹತ್ತು ಲಕ್ಷಕ್ಕೆ ಒಬ್ಬ ಆದ್ರೆ ನ್ಯಾಯಾನಾ? ಮೈ ಬೆಳೆದ್ರೆ ಟೈಲರಣ್ಣ ಹೊಲಿಗೆ ಬಿಚ್ಚಿ ಸಡಿಲ ಮಾಡಲ್ವಾ? ಹಂಗೇ ಇದು."

ಟೈಲರಣ್ಣ ಅಷ್ಟಕ್ಕೆ ಬಗ್ಗುವವರಲ್ಲ. "ಪುಸ್ತಕಾನೂ ತಪ್ಪಿರಬಹುದು. ಬೀದಿಗೆ ಬೀದೀನೇ ಎತ್ತಿ ಬೇರೆ ಕಡೆ ಹಾಕಿದ್ರೆ ನಮಗೊಂದು ಮಾತು ಹೇಳಲ್ವಾ?"

"ಹೇಳಿರ್ತಾರೆ. ಪತ್ರಿಕೇಲಿ ಹಾಕಿಸ್ತಾರೆ, ಆಕ್ಷೇಪಣೆ ಇದ್ರೆ ಕೊಡಿ ಅಂತ. ಆ ವರ್ಷದ ಪತ್ರಿಕೆ ಎಲ್ಲಾದ್ರೂ ಸಿಕ್ಕಿದ್ರೆ..."

ಅಷ್ಟರಲ್ಲಿ ಮಗಳು ಗೋಡೆ ದಿಟ್ಟಿಸುತ್ತಾ ಎದ್ದು ನಿಂತಳು. ಟೈಲರಣ್ಣ ಬಟ್ಟೆ ಕತ್ತರಿಸುವ ಮುಂಚೆ ಹಳೆ ಪತ್ರಿಕೆಯಲ್ಲಿ ಅಚ್ಚು ಕತ್ತರಿಸಿಕೊಳ್ಳುತ್ತಾರೆ. ಕಾಲರಿಗೊಂದು, ಜೇಬಿಗೊಂದು, ತೋಳಿಗೊಂದು. ಎಲ್ಲವೂ ಮೊಳೆಗೆ ಚುಚ್ಚಿ ತೂಗುಹಾಕಿರುತ್ತವೆ. ಅವಳು ತೋಳಿನ ಅಚ್ಚನ್ನು ಬಿಡಿಸಿ ತಂದು ದೀಪದ ಕೆಳಗೆ ಹಿಡಿದಳು.

"ಅಪ್ಪ, ಇದೇನು ಓದಿ."

'ಪೂರ್ವ ಸಂಸತ್ ಕ್ಷೇತ್ರಕ್ಕೆ ಸೇರ್ಪಡೆಯಾಗುವ ಬೀದಿಗಳು.' ಮೂರನೆಯದೇ ನಮ್ಮ ಬೀದಿ. ಮತಗಟ್ಟೆ, ಗ್ರಂಥಾಲಯದ ಹಿಂದಿನ ಸಭಾಂಗಣ. ಆಕ್ಷೇಪಣೆಯ ಕೊನೆಯ ದಿನಾಂಕ ಇರಬೇಕಾದ ಜಾಗ ಕಂಕುಳ ಸುತ್ತಿನ ಕತ್ತರಿಗೆ ಹೋಗಿತ್ತು.

ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು ನಮ್ಮ ಕಥೆ. ಬೀದಿಯ ಅರ್ಧ ಜನ ಆ ಅಚ್ಚಿನಿಂದ ಕತ್ತರಿಸಿದ ತೋಳು ತೊಟ್ಟುಕೊಂಡೇ ಹನ್ನೊಂದು ವರ್ಷ ಓಡಾಡಿದ್ದೆವು.

ಟೈಲರಣ್ಣ ಆಗಲೂ ಒಂದು ಕೈ ನೋಡಿಯೇ ಬಿಡುತ್ತೇನೆಂದು ಮರುದಿನ ಪಶ್ಚಿಮದ ಕಚೇರಿಗೆ ಹೋದರು. ಜೊತೆಗೆ ನಾನೂ ಹೋಗಿದ್ದೆ. ಹನ್ನೊಂದು ಸುರುಳಿಗಳೂ ಕಪಾಟಿನ ಮೇಲೆ ಜೋಪಾನವಾಗಿದ್ದವು, ಒಂದೊಂದಕ್ಕೂ ಮೊಹರು ಬಿದ್ದಿತ್ತು.

"ಇವು ನಮ್ಮ ಕ್ಷೇತ್ರದ್ದಲ್ವಲ್ಲ," ಎಂದರು ಗುಮಾಸ್ತರು.

"ಹನ್ನೊಂದು ವರ್ಷ ಯಾಕ್ ಸ್ವಾಮಿ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ. ಬಂದಿದ್ದಕ್ಕೆ ಮೊಹರು ಹಾಕೋದು ನನ್ನ ಕೆಲಸ."

ಅವರ ಮೇಲೆ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ನಮ್ಮ ಮೇಲೆ ಬಂದದ್ದು ಅದಕ್ಕಿಂತ ಜಾಸ್ತಿ.

ವಾಪಸು ಬಂದ ಟೈಲರಣ್ಣ ನೇರ ಎದುರು ಮನೆಗೆ ಹೋಗಿ, "ಅಕ್ಕ, ನೀನು ಹೇಳಿದ್ದೇ ಸರಿ. ಈಗೇನು ಮಾಡಬೇಕು ಹೇಳು," ಎಂದರು. ಮೊಂಡುತನ ಇದ್ದರೂ ತಪ್ಪು ಒಪ್ಪಿಕೊಳ್ಳುವ ದೊಡ್ಡತನ ಅವರಿಗಿದೆ.

ಪಟ್ಟಿ ತಿದ್ದುವ ಅವಧಿ ಮುಗಿಯಲು ಹನ್ನೆರಡು ದಿನ ಉಳಿದಿತ್ತು. ಅಕ್ಕ ಮತದಾರರ ಪಟ್ಟಿಯ ಪ್ರತಿ ತಂದಳು. ನಮ್ಮ ಹೆಸರುಗಳೆಲ್ಲ ಪೂರ್ವದ ಪಟ್ಟಿಯಲ್ಲಿ ತಣ್ಣಗೆ ಕೂತಿದ್ದವು! ನನ್ನ ಹೆಸರನ್ನು ಬೆರಳಿಟ್ಟು ಮುಟ್ಟಿ ನೋಡಿದೆ. ಹೊಸದಾಗಿ ಹದಿನೆಂಟು ತುಂಬಿದವರು, ಮದುವೆಯಾಗಿ ಬಂದವರು ಸೇರಿ ಎಂಬತ್ತೊಂದು ಜನರ ಹೆಸರು ಮಾತ್ರ ಇರಲಿಲ್ಲ. ನರ್ಸು ಮಗಳು ರಜೆ ಹಾಕಿ ಮನೆ ಮನೆ ಸುತ್ತಿ ಅರ್ಜಿ ತುಂಬಿಸಿದಳು. ಹನ್ನೊಂದನೇ ದಿನಕ್ಕೆ ಎಂಬತ್ತೊಂದೂ ಸೇರಿದವು.

ಪುಸ್ತಕದ ಕೊನೆಯ ಪುಟ ಇನ್ನೊಂದು ಮಾತು ಹೇಳಿತು. ಕಳೆದ ಸಲ ಪೂರ್ವದಲ್ಲಿ ಗೆದ್ದವರ ಅಂತರ ಮುನ್ನೂರ ಹನ್ನೆರಡು ಓಟು. ನಮ್ಮ ಬೀದಿ, ಎರಡು ಓಣಿ ಸೇರಿದರೆ ಏಳುನೂರ ನಲವತ್ತು.

"ಅಯ್ಯೋ ದೇವರೇ, ನಾವು ಇಷ್ಟು ಜನ ಇದೀವಾ!" ಎಂದರು ಟೈಲರಣ್ಣ.

ಪೂರ್ವದ ಮೂವರು ಅಭ್ಯರ್ಥಿಗಳಿಗೂ ಬೀದಿಯಿಂದ ಕರೆ ಹೋಯಿತು. ಮೂವರೂ ಬಂದರು. ಏಳುನೂರ ನಲವತ್ತು ಎಂದಮೇಲೆ ಬಾರದೆ ಇರುತ್ತಾರೆಯೇ? ನಾವು ಕುರ್ಚಿ ಹಾಕಲಿಲ್ಲ, ಹಾರ ಹಾಕಲಿಲ್ಲ. ಸೀದಾ ಹಳಿಯ ಪಕ್ಕ ಕರೆದುಕೊಂಡು ಹೋಗಿ ನಿಲ್ಲಿಸಿದೆವು. ಟೈಲರಣ್ಣ ಜಜ್ಜಿಹೋದ ಊಟದ ಡಬ್ಬಿಯನ್ನು ಒಬ್ಬೊಬ್ಬರ ಕೈಗೂ ಕೊಟ್ಟರು.

"ಒಂದು ಗಳಿಗೆ ತಡವಾಗಿದ್ರೆ ಇದರ ಜಾಗದಲ್ಲಿ ನನ್ನ ಮಗಳು ಇರ್ತಿದ್ಲು ಸ್ವಾಮಿ. ನಮಗೆ ಇಲ್ಲಿ ಸೇತುವೆ ಬೇಕು, ರೈಲ್ವೆ ಮಾತು ಆಡಬೇಕಾದ್ದು ಸಂಸತ್ತಲ್ಲಿ. ಗೆದ್ರೆ ಆಡ್ತೀರಾ? ಬರೆದುಕೊಡಿ."

ಮೂವರೂ ಬರೆದುಕೊಟ್ಟರು.

ಮತದಾನದ ದಿನ ಏಳುನೂರ ಇಪ್ಪತ್ತಾರು ಜನ ಗ್ರಂಥಾಲಯದ ಸಭಾಂಗಣದಲ್ಲಿ ಸಾಲು ನಿಂತೆವು. ಕೋಲೂರಿಕೊಂಡು ಬಂದ ಅಜ್ಜಿಯರಿದ್ದರು, ಹಸುಗೂಸು ಎತ್ತಿಕೊಂಡ ತಾಯಂದಿರಿದ್ದರು. ಯಾರು ಯಾರಿಗೆ ಹಾಕಿದರೋ, ಅದು ಅವರವರಿಗೇ ಗೊತ್ತು. ಯಾರು ಗೆದ್ದರೆಂದು ನಾನೂ ಹೇಳುವುದಿಲ್ಲ. ಈ ಕಥೆ ಅವರದಲ್ಲ.

ಗೆದ್ದವರು ಮೊದಲ ಅಧಿವೇಶನದಲ್ಲೇ ಎದ್ದು ನಿಂತರು. ನನ್ನ ಅಂಗಡಿಯ ರೇಡಿಯೋ ಸುತ್ತ ಇಡೀ ಬೀದಿ ನೆರೆದಿತ್ತು. ಸಂಸತ್ತಿನಲ್ಲಿ ನಮ್ಮ ಬೀದಿಯ ಹೆಸರು ಕೇಳಿಬಂದ ಗಳಿಗೆ ಎಲ್ಲರೂ ಹೋ ಎಂದು ಕೂಗಿದೆವು. ಆ ಸಂಭ್ರಮದಲ್ಲಿ ಇಸ್ತ್ರಿಪೆಟ್ಟಿಗೆ ಮರೆತು ಯಾರದೋ ಬಿಳಿ ಅಂಗಿ ಸುಟ್ಟೆ, ಒಂದಿಷ್ಟೂ ಬೇಜಾರಾಗಲಿಲ್ಲ. ಆಮೇಲೂ ನಾವು ಬಿಡಲಿಲ್ಲ. ತಿಂಗಳಿಗೊಮ್ಮೆ ಪೂರ್ವದ ಕಚೇರಿಗೆ ಹೋಗಿ, ಕೆಲಸ ಎಲ್ಲಿಗೆ ಬಂತು ಎಂದು ಕೇಳಿದೆವು. ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡುವುದಿಲ್ಲ.

ಇಪ್ಪತ್ತು ತಿಂಗಳಲ್ಲಿ ಸೇತುವೆ ಎದ್ದು ನಿಂತಿತು. ಮೊದಲ ದಿನ ಬೆಳಿಗ್ಗೆ ಕೆಳಗೆ ಐವತ್ತು ಡಬ್ಬಿಯ ಗಾಡಿ ನಿಂತಿತ್ತು. ಟೈಲರಣ್ಣನ ಮಗಳು ಅದರ ಮೇಲಿಂದ, ತಲೆ ಬಗ್ಗಿಸದೆ ನಡೆದು ಹೋದಳು. ಟೈಲರಣ್ಣ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟರು. ನಾವು ಯಾರೂ ಸಮಾಧಾನ ಮಾಡಲಿಲ್ಲ, ಅದು ಗೆದ್ದವರ ಅಳು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮನ್ನೇ ಕೇಳುತ್ತಿದ್ದೇನೆ. ನಿಮ್ಮದು ಯಾವ ಕ್ಷೇತ್ರ? ಗಡಿ ಕೊನೆಯ ಸಲ ಬದಲಾದದ್ದು ಯಾವಾಗ? ನಿಮ್ಮ ಸಂಸದರು ಯಾರು, ಅವರಿಗಿಂತ ಮುಂಚೆ ಇದ್ದವರು ನಿಮಗಾಗಿ ಏನು ಮಾಡಿದರು? ಗೊತ್ತಿಲ್ಲದಿದ್ದರೆ ನಾಚಿಕೆ ಬೇಡ, ನಮಗೂ ಗೊತ್ತಿರಲಿಲ್ಲ. ನಾಳೆಯೇ ಹೋಗಿ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ನೋಡಿ. ಇಲ್ಲದಿದ್ದರೆ ಸೇರಿಸಿ. ಗಡಿ ಬದಲಾಗುವ ಸುದ್ದಿ ಬಂದರೆ ಓದಿ, ಒಪ್ಪದಿದ್ದರೆ ಗಡುವಿನೊಳಗೆ ಹೇಳಿ. ಓಟು ಹಾಕಿ. ಹಾಕಿದ ಮೇಲೆ ಗೆದ್ದವರನ್ನು ಕೇಳುತ್ತಲೇ ಇರಿ. ನಿಮ್ಮ ಮನೆಯವರೂ ಎಲ್ಲೋ ಒಂದು ಕಡೆ ದಿನಾ ತಲೆ ತಗ್ಗಿಸಿ ನುಸುಳುತ್ತಿರಬಹುದು. ಅವರು ತಲೆ ಎತ್ತಿ ನಡೆಯುವ ದಾರಿ ನಿಮ್ಮ ಓಟಿನಲ್ಲಿದೆ.