ಮಿಲ್ಲಿಗೆ ಹೋದ ರಾಗಿ ಡಬ್ಬ

ನಾನು ಒಂದು ತಗಡಿನ ಡಬ್ಬ. ಮದ್ದೂರಿನಲ್ಲಿ ತಗಡು ಕೆಲಸದವನೊಬ್ಬ ಹಳೆಯ ಎಣ್ಣೆ ಡಬ್ಬ ಕತ್ತರಿಸಿ, ಬಡಿದು, ಬೆಸೆದು, ನನಗೊಂದು ಮುಚ್ಚಳ ಕೊಟ್ಟ. ಆ ಸುತ್ತಿಗೆಯ ಏಟು ಇನ್ನೂ ಮೈಯಲ್ಲಿದೆಯೋ ಏನೋ, ಯಾರಾದರೂ ಹತ್ತಿರ ಸುಳಿದರೂ ಲಟಲಟ ಅನ್ನುತ್ತೇನೆ.

ನನ್ನನ್ನು ಕೊಂಡ ಚಿಕ್ಕತಾಯಮ್ಮನಿಗೆ ನನಗಿಂತ ದಿಗಿಲು ಹೆಚ್ಚು. ಗಂಡ ಬೋರಲಿಂಗಯ್ಯ ಅವಳ ಬಳೆಗಳನ್ನು ತನ್ನ ತಮ್ಮನಿಗೆ ಕೊಟ್ಟಿದ್ದ, ತಮ್ಮ ಅವನ್ನು ಮಾರಿಕೊಂಡಿದ್ದ. ಅಂದಿನಿಂದ ಅವಳ ಲೆಕ್ಕದಲ್ಲಿ ಹಾಲಿನವನೂ ಕಳ್ಳ, ಮಿಲ್ಲಿನವನೂ ಕಳ್ಳ. ತಾಯಿ ಕೊಟ್ಟ ಚಿನ್ನದ ಸರವೊಂದು ಉಳಿದಿತ್ತು. ಅದು ತಂಗಿಯ ಮನೆಯಲ್ಲಿದೆ ಎಂದು ಗಂಡನಿಗೆ ಹೇಳಿ, ಬಟ್ಟೆಯಲ್ಲಿ ಗಂಟು ಕಟ್ಟಿ, ನನ್ನ ಹೊಟ್ಟೆಯ ರಾಗಿಯೊಳಗೆ ಹೂತಿಟ್ಟಳು. ಬಂದು ಬಂದು ಕೈ ಹಾಕಿ ಮುಟ್ಟಿ ನೋಡುವಳು. ನನಗೂ ನೆಮ್ಮದಿಯಿಲ್ಲ.

ಒಂದು ದಿನ ಅವಳು ರೇಷನ್ ತರಲು ಹೋಗಿದ್ದಳು. ಮನೆಯಲ್ಲಿ ಹಿಟ್ಟು ಮುಗಿದದ್ದನ್ನು ಕಂಡ ಬೋರಲಿಂಗಯ್ಯ, ಎಂದೂ ಇಲ್ಲದ ಹುರುಪಿನಲ್ಲಿ ನನ್ನನ್ನು ಸೈಕಲ್ಲಿಗೆ ಕಟ್ಟಿ ಮಿಲ್ಲಿನಲ್ಲಿ ಬಿಟ್ಟು ಬಂದ. ದಾರಿಯುದ್ದಕ್ಕೂ ಬಡಿದುಕೊಂಡೆ. ಡಬ್ಬದ ಮಾತು ಯಾರು ಕೇಳುತ್ತಾರೆ?

ಕಾಳು ಸುರಿಯುವ ಮೊದಲು ಕಲ್ಲು, ಮೊಳೆ ಇದೆಯೇ ಎಂದು ಕೈಯಾಡಿಸುವುದು ಮಿಲ್ಲಿನವನ ರೂಢಿ. ಗಂಟು ಸಿಕ್ಕಿತು. ಬಿಚ್ಚಿ ನೋಡಿದ, ಅತ್ತಿತ್ತ ನೋಡಿದ, ಜೇಬಿಗೆ ಹಾಕಿಕೊಂಡು, ಯಂತ್ರ ನಿಲ್ಲಿಸಿ ಹೊರಟೇಹೋದ. ಸರದ ಕಥೆ ಮುಗಿಯಿತು ಅಂದುಕೊಂಡೆ.

ಅಷ್ಟರಲ್ಲಿ, ನಾನು ಮಿಲ್ಲಿಗೆ ಹೋದದ್ದನ್ನು ಗಂಡನಿಂದ ಕೇಳಿ, ಇನ್ನೊಂದು ಬೀದಿಯಿಂದ ಚಿಕ್ಕತಾಯಮ್ಮ ಓಡಿ ಬಂದಳು. ಮೊಣಕೈವರೆಗೆ ರಾಗಿಯಲ್ಲಿ ಕೈಯಿಟ್ಟು ತಡಕಾಡಿದಳು. ಕೂಗಿಕೊಳ್ಳುವಂತಿಲ್ಲ, ಕೂಗಿದರೆ ಗಂಡನಿಗೆ ತಿಳಿದುಹೋಗುತ್ತದೆ. ಕೂತಳು, ಎದ್ದಳು, ಬಾಗಿಲಿಗೆ ಹೋಗಿ ಬಂದಳು. ನನ್ನ ಅಂಚು ಹಿಡಿದು ಮತ್ತೆ ತಳದವರೆಗೆ ಕೆದಕಿದಳು, ನಾನು ಲಟಲಟ ಅಂದೆ.

ಮಿಲ್ಲಿನವನು ಬೆವರು ಒರೆಸಿಕೊಳ್ಳುತ್ತ ಬಂದ.

"ನಿಮ್ಮನೆ ತಾವ್ಕೇ ಹೋಗಿದ್ದೆ ಕಣವ್ವ. ನೀವಿರ್ನಿಲ್ಲ, ನಿಮ್ ಯಜಮಾನ್ರಿದ್ರು."

"ಅಯ್ಯೋ! ಅವ್ರ ಕೈಗೆ ಕೊಟ್ಬುಟ್ಯಾ?"

"ಇಲ್ಲ ಕಣವ್ವ. ರಾಗಿ ಒಳಗೆ ಮಡಗವ್ರೆ ಅಂದ್ರೆ ಮನೇರಿಗೆ ಕಾಣದಂಗೆ ಮಡಗವ್ರೆ ಅಂತ ಅಲ್ವಾ? ಹಿಟ್ಟು ನುಣ್ಗೆ ಬೀಸ್ಲಾ ಅಂತ ಕೇಳ್ಕಂಡು ಬಂದ್ಬುಟ್ಟೆ."

ಗಂಟನ್ನು ಅವಳ ಅಂಗೈಗಿಟ್ಟ. ಚಿಕ್ಕತಾಯಮ್ಮ ಗಳಗಳನೆ ಅತ್ತುಬಿಟ್ಟಳು. ಹಿಟ್ಟು ಕದಿಯುತ್ತಾನೇನೋ ಎಂದು ಅವನ ಕೈಗಳನ್ನೇ ಕಾಯುತ್ತ ಎಷ್ಟೋ ವರ್ಷ ಅಲ್ಲಿ ನಿಂತಿದ್ದವಳು ಆಗ ಕೇಳಿದಳು: "ನಿನ್ನ ಹೆಸರೇನಪ್ಪ?"

"ಮರಿಸಿದ್ದ ಕಣವ್ವ."

ಈಗ ನನ್ನ ತಳ ತೂತಾಗಿದೆ. ತೆಂಗಿನ ಚಿಪ್ಪು ತುಂಬಿಕೊಂಡು ಬಚ್ಚಲ ಮೂಲೆಯಲ್ಲಿ ಬಿದ್ದಿದ್ದೇನೆ. ಇಲಿ ಓಡಾಡಿದರೂ ಎದೆ ಹೊಡೆದುಕೊಳ್ಳುತ್ತದೆ. ಮೊನ್ನೆ ಬೋರಲಿಂಗಯ್ಯನ ತಮ್ಮ ಮತ್ತೆ ಊರಿಗೆ ಬಂದ. ಸರವನ್ನು ಎಲ್ಲಿ ಮುಚ್ಚಿಡುತ್ತಾಳೋ ಎಂದು ನಾನಿಲ್ಲಿ ಚಡಪಡಿಸುತ್ತಿದ್ದರೆ, ಅವಳು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಿಲ್ಲಿಗೆ ಹೋಗಿ ಮರಿಸಿದ್ದನ ಕೈಗೆ ಕೊಟ್ಟು ಬಂದಳು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳು. ಆದರೆ ಮೈದುನ ನಡುಮನೆಯಲ್ಲಿ ಕೂತಿದ್ದಾಗಲೇ, ಆ ಮಧ್ಯಾಹ್ನ ಚಿಕ್ಕತಾಯಮ್ಮ ಬಾಗಿಲು ತೆರೆದಿಟ್ಟು ನಿದ್ದೆ ಮಾಡಿದಳು.